ಕೆಂಗೇರಿ ಪುರಸಭೆ ಅಂತ ಒಂದಿತ್ತಲ್ವಾ? ಅದರ ಕಥೆ ಬಲ್ಲವರು ಹೇಳಿ

ಉಪನಗರಕ್ಕೆ ಹೊಸಬ

ಎಲ್ಲರಿಗೂ ನಮಸ್ಕಾರ. ಕೆಂಗೇರಿಯಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ಮಾತುಕತೆ ಇನ್ನೂ ಮುಗಿದಿಲ್ಲ. ಮನೆ ಮಾರುವವರು ಜೆರಾಕ್ಸ್ ಮಾಡಿಸಿ ಕೊಟ್ಟ ಕಾಗದದ ಕಟ್ಟಿನಲ್ಲಿ ಬಿಬಿಎಂಪಿ ರಸೀತಿಗಳ ಕೆಳಗೆ 2003-04ರ ಒಂದು ಕಂದಾಯ ರಸೀತಿ ಸಿಕ್ಕಿತು. ಮೇಲೆ ‘ಪುರಸಭೆ, ಕೆಂಗೇರಿ’ ಅಂತ ಇದೆ. ನಾನು ಹಾಸನ ಜಿಲ್ಲೆಯವನು. ಪುರಸಭೆ ಅಂದ್ರೆ ನನ್ನ ತಲೆಗೆ ಬರುವುದು ಹೊಳೆನರಸೀಪುರ, ಚನ್ನರಾಯಪಟ್ಟಣದಂಥ ಊರುಗಳು. ಮೆಟ್ರೊ ಓಡಾಡುವ ಜಾಗದಲ್ಲಿ ಪುರಸಭೆ ಇತ್ತು ಅಂದರೆ ನಂಬೋದು ಕಷ್ಟ ಆಯಿತು.

ಅದು ಯಾವಾಗ ಹೋಯಿತು, ಯಾಕೆ ಹೋಯಿತು? ಆಗಿನ ಕಾಗದಕ್ಕೆ ಈಗ ಬೆಲೆ ಇದೆಯಾ? ಉದ್ದಕ್ಕೆ ಬರೆದರೂ ಪರವಾಗಿಲ್ಲ, ಕೂತು ಓದುತ್ತೇನೆ.

ದಾಖಲೆ ಡಬ್ಬಿ

ಇತ್ತು ಸರ್. 2007ರ ಜನವರಿಯಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. ಆಗಿನ ಬೆಂಗಳೂರು ಮಹಾನಗರ ಪಾಲಿಕೆಯ 100 ವಾರ್ಡುಗಳ ಜೊತೆಗೆ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ ಆ ಏಳು ನಗರಸಭೆಗಳು. ಪತ್ರಿಕೆಗಳಲ್ಲಿ ‘ಏಳು ನಗರಸಭೆ, ಒಂದು ಪುರಸಭೆ’ ಅಂತ ಬರೀತಾರಲ್ಲ, ಆ ‘ಒಂದು’ ಅನ್ನೋದೇ ಕೆಂಗೇರಿ.

ಪಕ್ಕದ ರಾಜರಾಜೇಶ್ವರಿನಗರ ನಗರಸಭೆ, ಕೆಂಗೇರಿ ಮಾತ್ರ ಪುರಸಭೆ ಯಾಕೆ ಅಂದರೆ ಬರೀ ತಲೆ ಲೆಕ್ಕ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ 20 ಸಾವಿರದಿಂದ 50 ಸಾವಿರದವರೆಗೆ ಜನ ಇದ್ದರೆ ಪುರಸಭೆ. 50 ಸಾವಿರ ದಾಟಿದರೆ ನಗರಸಭೆ. ಮೂರು ಲಕ್ಷ ದಾಟಿದರೆ ಮಹಾನಗರ ಪಾಲಿಕೆ ಆಗಬಹುದು. 2001ರ ಜನಗಣತಿಯಲ್ಲಿ ಕೆಂಗೇರಿಯಲ್ಲಿ ಇದ್ದವರು 42 ಸಾವಿರ ಚಿಲ್ಲರೆ. ಅದೇ ವರ್ಷ ದಾಸರಹಳ್ಳಿ ಎರಡೂವರೆ ಲಕ್ಷ ದಾಟಿತ್ತು, ಬೊಮ್ಮನಹಳ್ಳಿ ಎರಡು ಲಕ್ಷ ದಾಟಿತ್ತು. ದಾಸರಹಳ್ಳಿ ಇನ್ನೊಂದು ಸ್ವಲ್ಪ ಬೆಳೆದಿದ್ದರೆ ತಾನೇ ಒಂದು ಪಾಲಿಕೆ ಆಗುತ್ತಿತ್ತೇನೋ! ಆ ಗುಂಪಿನಲ್ಲಿ ಕೆಂಗೇರಿ ತೀರಾ ಚಿಕ್ಕದು.

ಮೈಸೂರು ರೋಡ್ ಮಂದಿ

ಎಂಟು ಜನರ ಫೋಟೋದಲ್ಲಿ ಮೂಲೆಯಲ್ಲಿ ನಿಂತವನು ಅನ್ನಿ.

ಹಳೇ ರೈಲ್ವೆ ಗೇಟ್

ಮೂಲೆಯಲ್ಲಿ ನಿಂತಿದ್ದರೂ ವಯಸ್ಸಿನಲ್ಲಿ ದೊಡ್ಡವನು ಸ್ವಾಮಿ. ಬೊಮ್ಮನಹಳ್ಳಿ, ದಾಸರಹಳ್ಳಿ ಎಲ್ಲ ಕಾರ್ಖಾನೆಗಳ ಜೊತೆ ಉಬ್ಬಿದ ಊರುಗಳು. ಕೆಂಗೇರಿ ಹಾಗಲ್ಲ. ಬೆಂಗಳೂರು ಬಿಟ್ಟು ಮೈಸೂರು ದಾರಿ ಹಿಡಿದವರಿಗೆ ಮೊದಲು ಸಿಗುತ್ತಿದ್ದ ಪೇಟೆ ಇದು. ಮೈಸೂರು ಸಂಸ್ಥಾನದ ಕಾಲದಲ್ಲಿ 1881-82ರಲ್ಲಿ ಬೆಂಗಳೂರು-ಮೈಸೂರು ರೈಲು ದಾರಿ ಆಯಿತು. ಮೀಟರ್ ಗೇಜ್. ಆ ದಾರಿ ನಮ್ಮೂರಿನ ಮೇಲೇ ಹೋಯಿತು. ಅದಕ್ಕೂ ಮೊದಲು, 1860ರ ದಶಕದಲ್ಲಿ, ಮೈಸೂರು ಸೀಮೆಯ ರೇಷ್ಮೆ ಹುಳುವಿಗೆ ರೋಗ ಬಂದು ದಂಧೆ ನೆಲಕಚ್ಚಿದಾಗ ಇಟಲಿಯವರೊಬ್ಬರು ಜಪಾನಿನಿಂದ ಮೊಟ್ಟೆ ತರಿಸಿ ಇಲ್ಲೇ ರೇಷ್ಮೆ ಕೆಲಸಕ್ಕೆ ಕೈ ಹಾಕಿದ್ದರು. ಡಿ ವೆಕ್ಕಿ ಅಂತ ಹೆಸರು. ಬಹಳ ದಿನ ನಡೆಯಲಿಲ್ಲ, ಆ ಮಾತು ಬೇರೆ. ರೇಷ್ಮೆ ರಾಮನಗರದಲ್ಲಿ ಉಳಿಯಿತು.

ನಾವು ಚಿಕ್ಕವರಿದ್ದಾಗ ಮೆಜೆಸ್ಟಿಕ್‌ಗೋ ಮಾರ್ಕೆಟ್‌ಗೋ ಹೊರಟರೆ ‘ಬೆಂಗಳೂರಿಗೆ ಹೋಗಿ ಬರ್ತೀವಿ’ ಅಂತಲೇ ಹೇಳುತ್ತಿದ್ದೆವು. ಮನೆಯಲ್ಲಿ ಹಿರಿಯರು ಈಗಲೂ ಹಾಗೇ ಹೇಳ್ತಾರೆ. ಮೊಮ್ಮಕ್ಕಳು ನಗ್ತಾರೆ.

ಇನ್ನೊಂದು ಮಾತು. ಪುರಸಭೆ ಹೋಯಿತು, ಹೋಬಳಿ ಹೋಗಿಲ್ಲ. ಹೊಸಬರೇ, ಆ ಮನೆಯ ಕ್ರಯಪತ್ರ ತೆಗೆದು ನೋಡಿ. ‘ಬೆಂಗಳೂರು ದಕ್ಷಿಣ ತಾಲ್ಲೂಕು, ಕೆಂಗೇರಿ ಹೋಬಳಿ’ ಅಂತ ಇದ್ದೇ ಇರುತ್ತೆ. ಕಂದಾಯ ಇಲಾಖೆಯವರ ಪುಸ್ತಕದಲ್ಲಿ ನಾವು ಇನ್ನೂ ಹಳ್ಳಿಯವರೇ.

ನಿವೃತ್ತ ಗುಮಾಸ್ತ

ನಾನು ಕೆಂಗೇರಿಯವನಲ್ಲ. ಬೇರೆ ಜಿಲ್ಲೆಯ ಒಂದು ಪುರಸಭೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಲ್ಲ ಪುರಸಭೆಗಳ ಹೊಟ್ಟೆಯೂ ಒಂದೇ ಥರ ಇರುತ್ತೆ, ಅದಕ್ಕೇ ಒಳಗೆ ಏನು ನಡೀತಿತ್ತು ಅಂತ ಹೇಳ್ತೀನಿ. ಪಾಲಿಕೆಯ ಕಾಲದಲ್ಲಿ ಬೆಳೆದವರಿಗೆ ಇದು ಗೊತ್ತಿರೋದಿಲ್ಲ.

ಪುರಸಭೆಗೆ ಪೌರಾಯುಕ್ತರು ಇರೋದಿಲ್ಲ. ಅವರು ನಗರಸಭೆಗೆ. ಇಲ್ಲಿ ಮುಖ್ಯಾಧಿಕಾರಿ. ಅವರ ಕೆಳಗೆ ಕಂದಾಯ ನೋಡಿಕೊಳ್ಳುವವರು, ಆರೋಗ್ಯ ನಿರೀಕ್ಷಕರು, ಒಬ್ಬ ಎಂಜಿನಿಯರು, ಒಂದಿಷ್ಟು ಗುಮಾಸ್ತರು, ಬಿಲ್ ಕಲೆಕ್ಟರ್‌ಗಳು, ವಾಲ್ವ್‌ಮನ್‌ಗಳು, ಪೌರಕಾರ್ಮಿಕರು. ಅಷ್ಟೇ. ಇನ್ನೊಂದು ಕಡೆ ಜನ ಆರಿಸಿದ ಸದಸ್ಯರು. ಅವರೊಳಗೆ ಒಬ್ಬರು ಅಧ್ಯಕ್ಷರು, ಒಬ್ಬರು ಉಪಾಧ್ಯಕ್ಷರು. ಆ ಸ್ಥಾನಕ್ಕೆ ಮೀಸಲಾತಿ ಪಟ್ಟಿ ಬಂದ ದಿನ ಕಚೇರಿಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಎಲ್ಲರೂ ಯಾರು ಅಧ್ಯಕ್ಷರಾಗ್ತಾರೆ ಅಂತ ಲೆಕ್ಕ ಹಾಕುವವರೇ.

ಖಾತೆ, ಅಂದರೆ ಕಂದಾಯದ ಪುಸ್ತಕದಲ್ಲಿ ಸ್ವತ್ತು ಯಾರ ಹೆಸರಿಗಿದೆ ಅನ್ನೋ ನಮೂದು, ಅದರ ಬದಲಾವಣೆ ಹೇಗಿತ್ತು ಗೊತ್ತಾ? ಕ್ರಯಪತ್ರದ ನಕಲು, ಇಸಿ (ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ), ಕಟ್ಟಿದ ಕಂದಾಯದ ರಸೀತಿ ಸೇರಿಸಿ ಅರ್ಜಿ. ಬಿಲ್ ಕಲೆಕ್ಟರ್ ಜಾಗಕ್ಕೆ ಹೋಗಿ ನೋಡಿ ಬರೆದು ಕೊಡ್ತಾನೆ. ಅಕ್ಕಪಕ್ಕದವರಿಗೆ ತಕರಾರು ಇದೆಯಾ ಅಂತ ನೋಟೀಸು ಹಾಕುತ್ತಿದ್ದೆವು. ತಕರಾರು ಬರದಿದ್ದರೆ ರಿಜಿಸ್ಟರಿನಲ್ಲಿ ಹಳೇ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಹೊಸ ಹೆಸರು, ಆದೇಶದ ಸಂಖ್ಯೆ, ತಾರೀಕು ಬರೆದು ಸಹಿ. ಒಂದು ಮನೆ ನಾಲ್ಕು ಕೈ ಬದಲಾದರೆ ಒಂದೇ ಸಾಲಿನಲ್ಲಿ ನಾಲ್ಕು ಹೆಸರು, ಮೂರು ಕೆಂಪು ಗೆರೆ. ಪುಟ ನೋಡಿದರೆ ಮನೆಯ ಜಾತಕ ಓದಬಹುದಿತ್ತು.

ಬಿಲ್ ಕಲೆಕ್ಟರ್‌ಗೆ ಊರಿನ ಪ್ರತಿ ಮನೆ ಗೊತ್ತು. ಯಾವ ಮನೆಯಲ್ಲಿ ಹೆರಿಗೆ ಆಗಿದೆ, ಯಾರು ಮಹಡಿ ಕಟ್ಟಿಸುತ್ತಿದ್ದಾರೆ, ಯಾರು ಬಾಗಿಲ ಹಿಂದೆ ನಿಂತು ‘ಮನೆಯವರು ಇಲ್ಲ’ ಅಂತ ಮಗುವಿನ ಕೈಲಿ ಹೇಳಿಸ್ತಾರೆ, ಎಲ್ಲ. ಒಳ್ಳೇದಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ. ಗೊತ್ತಿದ್ದವರಿಗೆ ಕೆಲಸ ಸಲೀಸು, ಗೊತ್ತಿಲ್ಲದವರಿಗೆ ಅಲೆದಾಟ. ಅದನ್ನು ಮುಚ್ಚಿಟ್ಟು ಹೊಗಳೋಕೆ ನನ್ನಿಂದ ಆಗಲ್ಲ.

ಲೆಕ್ಕದ ಮೇಷ್ಟ್ರು

ಗುಮಾಸ್ತರ ಮಾತಿಗೆ ಒಂದು ಲೆಕ್ಕ ಸೇರಿಸ್ತೀನಿ.

42 ಸಾವಿರ ಜನರ ಪುರಸಭೆ ಅಂದರೆ ಸದಸ್ಯರು ಇಪ್ಪತ್ತಕ್ಕಿಂತ ಜಾಸ್ತಿ. ಈಗಲೂ ನಮ್ಮ ರಾಜ್ಯದ ಪುರಸಭೆಗಳಲ್ಲಿ 23 ಅಥವಾ 27 ವಾರ್ಡು ಇರೋದು ಸಾಮಾನ್ಯ. ಅಂದರೆ ಎರಡು ಸಾವಿರಕ್ಕೂ ಕಡಿಮೆ ಜನಕ್ಕೆ ಒಬ್ಬ ಸದಸ್ಯ. ನಾಲ್ಕೈದು ಬೀದಿ ಅಷ್ಟೇ.

ಈಗ ವಿಲೀನದ ನಂತರ ನೋಡಿ. 2010ರಲ್ಲಿ ಬಿಬಿಎಂಪಿಗೆ ಮೊದಲ ಚುನಾವಣೆ ಆದಾಗ 198 ವಾರ್ಡು. 2011ರ ಜನಗಣತಿಯಲ್ಲಿ ಬಿಬಿಎಂಪಿ ಜನಸಂಖ್ಯೆ 84 ಲಕ್ಷ ದಾಟಿತ್ತು. ಭಾಗಿಸಿ. ವಾರ್ಡಿಗೆ ಸರಾಸರಿ 42 ಸಾವಿರ ಚಿಲ್ಲರೆ!

2001ರಲ್ಲಿ ಇಡೀ ಕೆಂಗೇರಿ ಪುರಸಭೆಯಲ್ಲಿ ಇದ್ದಷ್ಟೇ ಜನ, ಹತ್ತು ವರ್ಷದ ಮೇಲೆ ಒಬ್ಬ ಕಾರ್ಪೊರೇಟರ್‌ನ ಪಾಲಿಗೆ. ಕೆಂಗೇರಿ 159ನೇ ವಾರ್ಡು ಆಯಿತು. ಒಂದು ಊರಿನ ಕೌನ್ಸಿಲ್ ಸೇರುತ್ತಿದ್ದ ಜಾಗಕ್ಕೆ ಒಬ್ಬ ವ್ಯಕ್ತಿ. ಅವರು ಒಳ್ಳೆಯವರೋ ಕೆಟ್ಟವರೋ ಆಮೇಲಿನ ಮಾತು. ಬೀದಿ ದೀಪ ಕೆಟ್ಟರೆ ಅವರ ಮನೆಗೆ ನಡೆದು ಹೋಗೋಕೆ ಆಗುತ್ತಿತ್ತು ಅನ್ನೋದು ಮುಗಿಯಿತು.

ಪಕ್ಕದ ಬಡಾವಣೆಯವಳು

ಮೇಷ್ಟ್ರೇ, ಲೆಕ್ಕ ಸರಿ ಇದೆ. ಆದರೆ ನಡೆದು ಹೋಗಿ ಏನು ಸಿಗುತ್ತಿತ್ತು ಅಂತಲೂ ಕೇಳಬೇಕಲ್ವಾ? ಇಪ್ಪತ್ತು ಜನ ಸದಸ್ಯರಿದ್ದರೂ ಖಜಾನೆಯಲ್ಲಿ ದುಡ್ಡಿಲ್ಲದಿದ್ದರೆ ಅವರೂ ನಮ್ಮ ಥರ ಅರ್ಜಿ ಹಿಡಿದು ನಿಲ್ಲುವವರೇ.

ಬೆಂಗಳೂರಿನ ಅಂಚಿನ ಎಲ್ಲ ಸಣ್ಣ ಸಂಸ್ಥೆಗಳ ಕಥೆ ಇದು. ತೊಂಬತ್ತರ ದಶಕದಲ್ಲಿ ಹೊಲಗಳು ಸೈಟುಗಳಾದವು. ಹೊಲದಲ್ಲಿ ಮನೆ ಕಟ್ಟೋಕೆ ಬೇಕಾದ ಅನುಮತಿ, ಅಂದರೆ ಭೂ ಪರಿವರ್ತನೆ ಇಲ್ಲ, ನಕ್ಷೆಗೆ ಮಂಜೂರಾತಿ ಇಲ್ಲ, 20 ಅಡಿ ರಸ್ತೆ, ಪಾರ್ಕಿಗೆ ಜಾಗ ಇಲ್ಲ, ಮೋರಿ ಎಲ್ಲಿಗೆ ಹೋಗಿ ಸೇರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ರೆವಿನ್ಯೂ ಸೈಟು ಅಂತ ನಾವೆಲ್ಲ ಕರೆಯೋದು ಅದನ್ನೇ. ಪಂಚಾಯಿತಿಯವರು ನಮೂನೆ 9, 11 ಅನ್ನೋ ಸ್ವತ್ತಿನ ಕಾಗದ ಬರೆದು ಕೊಟ್ಟರು. ಪುರಸಭೆ, ನಗರಸಭೆಗಳು ಖಾತೆ ಮಾಡಿ ಅಭಿವೃದ್ಧಿ ಶುಲ್ಕ ಕಟ್ಟಿಸಿಕೊಂಡವು. ಜನ ನಂಬಿ ಮನೆ ಕಟ್ಟಿದರು. ಆಮೇಲೆ ದೊಡ್ಡ ಪಾಲಿಕೆ ಬಂದು ‘ಇದು ಬಿ ರಿಜಿಸ್ಟರ್’ ಅಂದಿತು, ಅಂದರೆ ನಿಯಮ ಮೀರಿದ, ಕಂದಾಯ ಕಟ್ಟಿಸಿಕೊಳ್ಳೋಕೆ ಮಾತ್ರ ಬರೆದಿಟ್ಟ ಸ್ವತ್ತುಗಳ ಪಟ್ಟಿ; ಎಲ್ಲ ಸರಿ ಇದ್ದ ಸ್ವತ್ತಿಗೆ ಎ ಖಾತೆ. ಹತ್ತಿರದಲ್ಲಿ ಇದ್ದ ಸದಸ್ಯರು ಆ ಬಡಾವಣೆಗಳನ್ನು ತಡೆದರಾ? ಹತ್ತಿರ ಇದ್ದಿದ್ದಕ್ಕೇ ತಡೆಯಲಿಲ್ಲ ಅಂತ ನನ್ನ ಅಭಿಪ್ರಾಯ.

ನಿವೃತ್ತ ಗುಮಾಸ್ತ

ಮೇಡಂ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ತೀನಿ. ಬಡಾವಣೆಗೆ ಮಂಜೂರಾತಿ ಕೊಡುವ ಅಧಿಕಾರ ಪುರಸಭೆಯ ಕೈಯಲ್ಲಿ ಪೂರ್ತಿ ಇರಲಿಲ್ಲ ಅನ್ನೋದನ್ನೂ ನೋಡಬೇಕು. ಯೋಜನೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೈಯಲ್ಲಿ, ಪರಿವರ್ತನೆ ಜಿಲ್ಲಾಧಿಕಾರಿ ಕೈಯಲ್ಲಿ. ಕಸ, ಮೋರಿ, ಬೀದಿ ದೀಪ ಮಾತ್ರ ನಮ್ಮ ತಲೆ ಮೇಲೆ.

ನೀರಿನ ವಿಷಯಕ್ಕೆ ಬಂದರೆ, ಪಾಲಿಕೆಗೆ ಸೇರಿದ್ದರಿಂದಲೇ ಕಾವೇರಿ ಬಂತು ಅಂತ ಬಹಳ ಜನ ತಿಳಿದಿದ್ದಾರೆ. ಏಳು ನಗರಸಭೆ ಮತ್ತು ಕೆಂಗೇರಿ ಪುರಸಭೆ, ಈ ಎಂಟಕ್ಕೂ ಕಾವೇರಿ ನೀರು ಕೊಡುವ ದೊಡ್ಡ ಯೋಜನೆ ವಿಲೀನಕ್ಕೂ ಮೊದಲೇ ಶುರುವಾಗಿತ್ತು. ಬೃಹತ್ ಬೆಂಗಳೂರು ನೀರು ಸರಬರಾಜು ಯೋಜನೆ. ಅದಕ್ಕೆ ಮನೆ ಮನೆಯಿಂದ ವಂತಿಗೆ ಕಟ್ಟಿಸಿಕೊಂಡರು. ನೀರು ಬರುವ ಮುಂಚೆ ದುಡ್ಡು ಕಟ್ಟಿ ಅಂದಿದ್ದಕ್ಕೆ ಗಲಾಟೆಯೂ ಆಯಿತು. ಪೈಪು ಹೂತಿದ್ದು ಒಂದು ಕಾಲಕ್ಕೆ, ಅದರೊಳಗೆ ನೀರು ಹರಿಸುವಷ್ಟು ಕಾವೇರಿ ಬಂದಿದ್ದು ಇನ್ನೊಂದು ಕಾಲಕ್ಕೆ. ಕಾವೇರಿ ಯೋಜನೆಯ ನಾಲ್ಕನೇ ಹಂತದ ಎರಡನೇ ಘಟ್ಟ ಆದದ್ದು 2012ರಲ್ಲಿ. 110 ಹಳ್ಳಿಗಳವರು ಐದನೇ ಹಂತ ಬರುವವರೆಗೆ, ಅಂದರೆ 2024ರ ಅಕ್ಟೋಬರ್‌ವರೆಗೆ ಕಾದರು. ಪಾಲಿಕೆ ವ್ಯಾಪ್ತಿಗೆ ಸೇರಿ 17 ವರ್ಷ ಕಳೆದಿತ್ತು. ಹಾಗಾಗಿ ದೊಡ್ಡದಕ್ಕೆ ಸೇರಿದರೆ ನೀರು ಬರುತ್ತೆ, ಸಣ್ಣದಾಗಿದ್ದರೆ ಬರಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ನೀರು ಜಲಮಂಡಳಿಯ ಕೈಯಲ್ಲಿ.

ಹಳೇ ರೈಲ್ವೆ ಗೇಟ್

ನೀರಿನ ಮಾತು ಬಂತಲ್ಲ, ಹೊಳೆ ವಿಷಯ ಹೇಳದೇ ಇರೋಕೆ ಆಗಲ್ಲ.

ವೃಷಭಾವತಿ ಹುಟ್ಟೋದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಹತ್ತಿರ ಅಂತ ನಂಬಿಕೆ. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು ಕೆಂಗೇರಿ ದಾಟಿ, ಬಿಡದಿ ಕಡೆ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ ಹೋಗುತ್ತೆ. ಅಲ್ಲಿಂದ ಕಾವೇರಿಗೆ. ನಮ್ಮ ಹಿರಿಯರು ಆ ನೀರಲ್ಲಿ ಬಟ್ಟೆ ಒಗೆದವರು, ಈಜಿದವರು. ದನ ತೊಳೆಯುತ್ತಿದ್ದರು. ಆಮೇಲೆ ಪಶ್ಚಿಮ ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಎಲ್ಲ ಅದಕ್ಕೇ ಬಂತು. ಮಳೆ ಬಂದ ಮಾರನೇ ದಿನ ಬಿಳೀ ನೊರೆ ಎದ್ದು ರಸ್ತೆಗೆ ಹಾರೋದನ್ನು ಈ ಭಾಗದವರೆಲ್ಲ ನೋಡಿದ್ದಾರೆ. ಸಂಜೆ ಹೊತ್ತು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರೂ ಮೂಗು ಹೇಳುತ್ತಿತ್ತು, ಊರು ಬಂತು ಅಂತ.

ಈಗ ಯೋಚನೆ ಮಾಡಿ. ಪುರಸಭೆ ಇದ್ದಾಗ ಆ ಕೊಳಚೆ ನಮ್ಮದಾಗಿರಲಿಲ್ಲ. ಬೆಂಗಳೂರು ಪಾಲಿಕೆಯ ಗಡಿ ದಾಟಿ ಬಂದದ್ದು. ನಗರ ನಮ್ಮನ್ನು ಸೇರಿಸಿಕೊಳ್ಳೋಕೆ ಎಷ್ಟೋ ಮೊದಲೇ ನಗರದ ಮೋರಿ ನಮ್ಮೂರಿಗೆ ಬಂದಿತ್ತು. 42 ಸಾವಿರ ಜನರ ಪುರಸಭೆ ಅಷ್ಟು ದೊಡ್ಡ ನಗರಕ್ಕೆ ಏನು ಹೇಳೋಕೆ ಸಾಧ್ಯ? ಈ ಒಂದು ಕಾರಣಕ್ಕೆ ನಾನು ವಿಲೀನದ ಪರ. ಕೊಳಚೆ ಬಿಡುವವನೂ ಅದನ್ನು ಕುಡಿಯುವವನೂ ಒಂದೇ ಕಚೇರಿಗೆ ಕಂದಾಯ ಕಟ್ಟಲಿ.

ಮೈಸೂರು ರೋಡ್ ಮಂದಿ

ಈಗ ಒಂದೇ ಕಚೇರಿಗೆ ಕಟ್ಟಿದ್ದಾಯ್ತಲ್ಲ ಅಣ್ಣ, ಹೊಳೆ ತಿಳಿಯಾಯ್ತಾ?

ಹಳೇ ರೈಲ್ವೆ ಗೇಟ್

ಇಲ್ಲ. ಆದರೆ ಯಾರನ್ನು ಕೇಳಬೇಕು ಅಂತ ಗೊತ್ತಿದೆ.

ಸಿಡ್ನಿ ಸೀನ

ಚರ್ಚೆ ಓದಿ ಖುಷಿ ಆಯ್ತು. ನಾನು ಹುಟ್ಟಿದ್ದು ಚಾಮರಾಜಪೇಟೆ, ಈಗ ಇರೋದು ಸಿಡ್ನಿ. ಇಲ್ಲಿಯ ಒಂದು ಸಣ್ಣ ಕೌನ್ಸಿಲ್ ಕಥೆ ನಿಮಗೆ ಇಷ್ಟ ಆಗಬಹುದು.

ಹಂಟರ್ಸ್ ಹಿಲ್ ಅಂತ ಒಂದು ಜಾಗ. ಎರಡು ನದಿಗಳ ನಡುವೆ ಚಾಚಿಕೊಂಡ ನೆಲ. ಸುಮಾರು ಆರು ಚದರ ಕಿಲೋಮೀಟರ್, ಜನ 13 ಸಾವಿರ ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಪುರಸಭೆಯೂ ಅಲ್ಲ, ಪಟ್ಟಣ ಪಂಚಾಯಿತಿ. ಆದರೆ ಅದಕ್ಕೆ ಸ್ವಂತ ಮುನಿಸಿಪಾಲಿಟಿ 1861ರಿಂದ ಇದೆ. ಸುತ್ತಲೂ ಸಿಡ್ನಿ ಬೆಳೆದು ಅರ್ಧ ಕೋಟಿ ಜನ ಆದರೂ ಅದು ಹಾಗೇ ಇದೆ.

2016ರಲ್ಲಿ ರಾಜ್ಯ ಸರ್ಕಾರ ಸಣ್ಣ ಕೌನ್ಸಿಲ್‌ಗಳನ್ನೆಲ್ಲ ಸೇರಿಸಿ ದೊಡ್ಡದು ಮಾಡಲು ಹೊರಟಿತು. ಹಂಟರ್ಸ್ ಹಿಲ್, ಲೇನ್ ಕೋವ್, ರೈಡ್ ಮೂರನ್ನೂ ಒಂದು ಮಾಡೋದು ಅಂತ ಪ್ರಸ್ತಾಪ. ಕಾರಣಗಳು ಅಲ್ಲೂ ಅವೇ: ಖರ್ಚು ಉಳಿಯುತ್ತೆ, ದೊಡ್ಡ ಸಂಸ್ಥೆಗೆ ಬಲ ಜಾಸ್ತಿ. ಬೇರೆ ಕಡೆ ಕೆಲವು ವಿಲೀನ ನಡೆದೂ ಹೋದವು. ಆದರೆ ಒಪ್ಪದ ಕೌನ್ಸಿಲ್‌ಗಳು ಕೋರ್ಟಿಗೆ ಹೋದವು, ಜನ ಸಭೆ ಮಾಡಿದರು. ಕೊನೆಗೆ 2017ರ ಜುಲೈನಲ್ಲಿ ಸರ್ಕಾರ ಉಳಿದಿದ್ದ ಪ್ರಸ್ತಾಪಗಳನ್ನು ಕೈಬಿಟ್ಟಿತು.

ಅಲ್ಲಿಯವರು ಹಣವಂತರು, ವಕೀಲರಿಗೆ ಕೊಡೋಕೆ ದುಡ್ಡಿತ್ತು, ಅದನ್ನೂ ಹೇಳಬೇಕು. ನನಗೆ ಕೇಳಬೇಕು ಅನ್ನಿಸಿದ್ದು, ಕೆಂಗೇರಿಯಲ್ಲಿ 2007ರಲ್ಲಿ ಯಾರಾದರೂ ಬೇಡ ಅಂದರಾ?

ದಾಖಲೆ ಡಬ್ಬಿ

ಸೀನ ಸರ್, ಕರಡು ಅಧಿಸೂಚನೆಗೆ ಆಕ್ಷೇಪಣೆ ಕರೆಯೋದು ಕಾಯ್ದೆಯಲ್ಲೇ ಇದೆ. ಆದರೆ ಅರ್ಜಿ ಕೊಡೋದು ಬೇರೆ, ಜನ ಕೂತು ಮತ ಹಾಕಿ ತೀರ್ಮಾನ ಮಾಡೋದು ಬೇರೆ. ಇಲ್ಲಿ ಆ ಎರಡನೆಯದು ಇಲ್ಲ. ರಾಜ್ಯ ಸರ್ಕಾರ ಗಡಿ ಬರೆಯುತ್ತೆ.

ಬೆಂಗಳೂರಿಗೆ ಇದು ಹೊಸದೂ ಅಲ್ಲ. 19ನೇ ಶತಮಾನದಿಂದ ಇಲ್ಲಿ ಎರಡು ಮುನಿಸಿಪಾಲಿಟಿ ಇದ್ದವು. ಪೇಟೆ ಕಡೆಗೆ ಒಂದು, ದಂಡಿಗೆ (ಕಂಟೋನ್ಮೆಂಟಿಗೆ) ಒಂದು. ಮಧ್ಯದಲ್ಲಿ ಕಬ್ಬನ್ ಪಾರ್ಕ್. ದಂಡು ಬ್ರಿಟಿಷರ ಕೈಯಲ್ಲಿತ್ತು, 1947ರಲ್ಲಿ ಮೈಸೂರಿಗೆ ವಾಪಸ್ ಬಂತು. 1949ರಲ್ಲಿ ಎರಡನ್ನೂ ಸೇರಿಸಿ ಬೆಂಗಳೂರು ನಗರ ಕಾರ್ಪೊರೇಷನ್ ಮಾಡಿದರು. ಆಗಿನದು ದೊಡ್ಡ ವಿಲೀನ, 2007ರದು ಇನ್ನೂ ದೊಡ್ಡದು. 226 ಚದರ ಕಿಲೋಮೀಟರ್ ಇದ್ದ ಪಾಲಿಕೆ ಒಂದೇ ಏಟಿಗೆ 700 ದಾಟಿತು.

ಜನರಿಗೆ ನಿಜವಾಗಿ ಬಿದ್ದ ಪೆಟ್ಟು ವಿಲೀನ ಅಲ್ಲ ಅಂತ ನನ್ನ ಅನಿಸಿಕೆ. ಅದರ ನಂತರದ್ದು. ತಾರೀಕು ನೋಡಿ. ಹಳೇ ಪಾಲಿಕೆಯ ಅವಧಿ 2006ರ ಕೊನೆಗೆ ಮುಗಿದಿತ್ತು. 2007ರಲ್ಲಿ ವಿಲೀನ. ಚುನಾವಣೆ ಆದದ್ದು 2010ರ ಮಾರ್ಚಿನಲ್ಲಿ. ಅಂದರೆ ಕೆಂಗೇರಿಯವರಿಗೆ ಪುರಸಭೆ ಸದಸ್ಯರೂ ಇಲ್ಲ, ಕಾರ್ಪೊರೇಟರೂ ಇಲ್ಲದ ಮೂರು ವರ್ಷ. ಆಮೇಲೆ 2015ರಲ್ಲಿ ಇನ್ನೊಂದು ಚುನಾವಣೆ. 2020ರ ಸೆಪ್ಟೆಂಬರಿಗೆ ಆ ಅವಧಿ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳೇ. ಮೇಷ್ಟ್ರು ಹೇಳಿದ 42 ಸಾವಿರಕ್ಕೆ ಒಬ್ಬ ಅನ್ನುವ ಲೆಕ್ಕವೂ ಅಲ್ಲಿಗೆ ನಿಂತಿತು. ಚಿಕ್ಕ ಪುರಸಭೆಯನ್ನು ತೆಗೆದು ದೊಡ್ಡ ಪಾಲಿಕೆ ಕೊಟ್ಟರು, ಸರಿ. ಆ ಪಾಲಿಕೆಯಲ್ಲಿ ನಮ್ಮ ಕುರ್ಚಿ ಖಾಲಿ ಬಿಟ್ಟರೆ ಹೇಗೆ?

ಪಕ್ಕದ ಬಡಾವಣೆಯವಳು

ಇದನ್ನು ನಾನೂ ಒಪ್ತೀನಿ. ಐದು ವರ್ಷಕ್ಕೊಮ್ಮೆ ಚುನಾವಣೆ ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತೆ. ವಾರ್ಡ್ ಸಮಿತಿ ಬೇಕು ಅಂತಲೂ ಹೇಳುತ್ತೆ. ವಾರ್ಡ್ ಸಮಿತಿ ಸಭೆಗೆ ನಾನು ಹೋಗಿದ್ದೇನೆ. ಸಭೆ ಸರಿಯಾಗಿ ನಡೆದ ತಿಂಗಳು ಕಸದ ಗಾಡಿ ಸಮಯಕ್ಕೆ ಬರುತ್ತಿತ್ತು. ಇಷ್ಟಕ್ಕೇ ನಮಗೆ ಹಬ್ಬ.

ಯಲಹಂಕದ ಹುಡುಗಿ

ಮಧ್ಯದಲ್ಲಿ ಬಾಯಿ ಹಾಕ್ತಿದ್ದೀನಿ. ಯಲಹಂಕ ನಗರಸಭೆಯೂ ಅದೇ ದಿನ ಹೋಯಿತು. ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. ಅವರ ಊರನ್ನು ಅವರು ಕಟ್ಟಿದ ಊರೇ ನುಂಗಿತು ಅಂತ ನಮ್ಮ ತಾತ ಹೇಳಿ ನಗ್ತಿದ್ದರು. ಸುಮ್ನೆ ಹೇಳಿದೆ. ಮುಂದುವರಿಸಿ.

ಲೆಕ್ಕದ ಮೇಷ್ಟ್ರು

ಈಗಂತೂ ಬಿಬಿಎಂಪಿಯೇ ಇಲ್ಲವಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸೆಪ್ಟೆಂಬರಿನಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ. ಮೇಲೆ ಒಂದು ಪ್ರಾಧಿಕಾರ. 2007ರಲ್ಲಿ ಎಲ್ಲ ಒಂದಾಗಬೇಕು ಅಂದರು. 18 ವರ್ಷದ ಮೇಲೆ ದೊಡ್ಡದಾಯಿತು, ಒಡೆಯಬೇಕು ಅಂದರು. ಎರಡು ಸಲವೂ ಕೊಟ್ಟ ಕಾರಣ ಒಂದೇ, ಒಳ್ಳೆ ಆಡಳಿತ!

ವಾರ್ಡುಗಳ ಸಂಖ್ಯೆ ಜಾಸ್ತಿ ಮಾಡಿದ್ದಾರೆ, ಅದು ಒಳ್ಳೇದು. ಒಬ್ಬರ ಪಾಲಿಗೆ ಬರುವ ಜನ ಕಡಿಮೆ ಆಗ್ತಾರೆ. ಆದರೂ ಹಳೇ ಪುರಸಭೆಯ ಎರಡು ಸಾವಿರಕ್ಕೆ ಒಬ್ಬ ಅನ್ನೋ ಮಟ್ಟಕ್ಕೆ ಯಾವತ್ತೂ ಬರಲ್ಲ. ಹಾಗೆ ಬಂದರೆ ಬೆಂಗಳೂರಿಗೆ ಸಾವಿರಗಟ್ಟಲೆ ಕಾರ್ಪೊರೇಟರುಗಳು ಬೇಕಾಗುತ್ತೆ, ಅವರಿಗೆ ಕೂರೋಕೆ ಕಂಠೀರವ ಸ್ಟೇಡಿಯಂ ಕೊಡಬೇಕಾಗುತ್ತೆ.

ಉಪನಗರಕ್ಕೆ ಹೊಸಬ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿಷಯ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಒಂದು ಪ್ರಶ್ನೆ ಬಾಕಿ ಇದೆ. ಈ ಪುರಸಭೆ ರಸೀತಿ, ಪುರಸಭೆ ಖಾತೆ ಎಲ್ಲ ಈಗ ಏನು? ಬ್ರೋಕರ್ ‘ಪುರಸಭೆ ಖಾತೆ ಅಂದ್ರೆ ಎ ಖಾತೆ ಇದ್ದ ಹಾಗೇ’ ಅಂತ ಹೇಳ್ತಿದ್ದಾನೆ.

ಪಕ್ಕದ ಬಡಾವಣೆಯವಳು

ಬ್ರೋಕರ್ ಮಾತು ಕೇಳಬೇಡಿ. ಪುರಸಭೆಯಲ್ಲಿ ಖಾತೆ ಇತ್ತು ಅಂದ ಮಾತ್ರಕ್ಕೆ ಈಗ ಎ ಖಾತೆ ಆಗಲ್ಲ. ಜಾಗದ ಮೂಲ ಏನು ಅನ್ನೋದರ ಮೇಲೆ ಹೋಗುತ್ತೆ. ಮಂಜೂರಾದ ಬಡಾವಣೆಯ ಸೈಟಾ, ಹಳೇ ಗ್ರಾಮಠಾಣದ (ಊರಿನ ಮೂಲ ವಾಸದ ಜಾಗದ) ಮನೆಯಾ, ಇಲ್ಲ ಹೊಲ ಕುಯ್ದು ಮಾಡಿದ ರೆವಿನ್ಯೂ ಸೈಟಾ? ರೆವಿನ್ಯೂ ಸೈಟಾಗಿದ್ದರೆ ಭೂ ಪರಿವರ್ತನೆ ಆದೇಶ ಕೇಳಿ. ಅದು ಇಲ್ಲ ಅಂದರೆ ಬಿ ರಿಜಿಸ್ಟರಿನಲ್ಲೇ ಇರೋ ಸಾಧ್ಯತೆ ಜಾಸ್ತಿ. ಬಿ ಯನ್ನು ಎ ಮಾಡಿಕೊಡುವ ಯೋಜನೆ 2025ರಲ್ಲಿ ಸರ್ಕಾರ ತಂದಿದೆ. ಆದರೆ ಅದರ ಶುಲ್ಕ ಯಾರು ಕಟ್ಟಬೇಕು ಅಂತ ಈಗಲೇ ಮನೆ ಮಾರುವವರ ಜೊತೆ ಮಾತಾಡಿಕೊಳ್ಳಿ. ಆಮೇಲೆ ಜಗಳ ಬೇಡ.

ದಾಖಲೆ ಡಬ್ಬಿ

ಇಸಿ ಬಗ್ಗೆ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗೆ. ನಿಮ್ಮ ರಸೀತಿ ಅದಕ್ಕಿಂತ ಹಿಂದಿನ ವರ್ಷದ್ದು. ಹಾಗಾಗಿ ಅದರ ಹಿಂದಿನ ಕಾಲಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ಕೈಬರಹದ ಇಸಿ ತೆಗೆಸಿ. ಎರಡನ್ನೂ ಜೋಡಿಸಿ ಓದಿದರೇ ಪೂರ್ತಿ ಚಿತ್ರ. ಇ-ಖಾತೆ (ಆನ್‌ಲೈನ್ ಖಾತೆ) ಇಲ್ಲದೆ ಈಗ ನೋಂದಣಿ ಆಗಲ್ಲ. ಮಾರುವವರ ಹೆಸರಿಗೆ ಅದು ಬಂದಿದೆಯಾ ಅಂತ ಮೊದಲೇ ನೋಡಿ.

ನಿವೃತ್ತ ಗುಮಾಸ್ತ

ಕೊನೆಗೆ ನನ್ನ ಕಸುಬಿನ ಕಡೆಯಿಂದ. ನಿಮ್ಮ ಕೈಲಿರೋ ರಸೀತಿಯನ್ನು ಕಸ ಅಂತ ಬಿಸಾಡಬೇಡಿ. ಅದರ ಮೇಲೆ ಅಸೆಸ್‌ಮೆಂಟ್ ನಂಬರ್ ಇರುತ್ತೆ. ಅದು ಪುರಸಭೆ ಆ ಸ್ವತ್ತಿಗೆ ಕೊಟ್ಟಿದ್ದ ಸಂಖ್ಯೆ. ಪಾಲಿಕೆಗೆ ಸೇರಿದ ಮೇಲೆ ಹೊಸ ಪಿಐಡಿ (ಸ್ವತ್ತಿನ ಗುರುತಿನ) ನಂಬರ್ ಬಂತು: ಮೊದಲು ವಾರ್ಡು, ಆಮೇಲೆ ಬೀದಿ, ಆಮೇಲೆ ಸ್ವತ್ತು. ಎರಡೂ ಒಂದೇ ಸ್ವತ್ತು ಅಂತ ತೋರಿಸುವ ಕಾಗದ ಬೇಕು. ಸಾಮಾನ್ಯವಾಗಿ ಕ್ರಯಪತ್ರದ ಷೆಡ್ಯೂಲಿನಲ್ಲಿ ‘ಹಳೇ ಖಾತೆ ನಂ. ಇಷ್ಟು, ಹೊಸ ನಂ. ಇಷ್ಟು’ ಅಂತ ಬರೆದಿರುತ್ತಾರೆ.

ಮೊದಲು ನಂಬರ್ ಹೊಂದಿಸಿ. ಆಮೇಲೆ ಚಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ರಸ್ತೆಯಾ ಓಣಿಯಾ, ಅಳತೆ ಎಷ್ಟು. ಹಳೇ ಪತ್ರದಲ್ಲಿ 30×40 ಇದ್ದದ್ದು ಹೊಸದರಲ್ಲಿ 30×43 ಆಗಿದ್ದರೆ ಆ ಮೂರು ಅಡಿ ಎಲ್ಲಿಂದ ಬಂತು ಅಂತ ಕೇಳಿ. ಹೆಚ್ಚಿನ ಸಲ ಮೋರಿ ಮೇಲಿಂದ ಬಂದಿರುತ್ತೆ. ಎಲ್ಲ ಸರಿ ಹೊಂದಿದರೆ ಮುಂಗಡ ಕೊಡಿ. ಹೊಂದದಿದ್ದರೆ ವಕೀಲರಿಗೆ ತೋರಿಸದೆ ಒಂದು ರೂಪಾಯಿಯೂ ಕೊಡಬೇಡಿ.